ಯಾರ್ದು ಗಾಡಿ ಅಂತ ಕೇಳೋರಿಗೂ, ಗಾಡಿ ತಗೋಬೇಕು ಅಂತಿರೋ ನಮ್ಮ ಹುಡುಗರಿಗೂ



ಹೋದ ವಾರ ನಮ್ಮನೆ ಮುಂದೆ ನಿಂತಿದ್ದ ಬಿಳಿ ಫಾರ್ಚೂನರ್ ಫೋಟೋ ತೆಗೆದು ಯಾರೋ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ದಾರೆ. ಕೆಳಗೊಂದು ಸಾಲು: "ಹೋರಾಟಗಾರರ ಮನೆಗೆ ಫಾರ್ಚೂನರ್, ದುಡ್ಡು ಎಲ್ಲಿಂದ ಬಂತು?" ಊರಿನವರಷ್ಟೇ ಕೇಳಿದ್ದರೆ ಸುಮ್ಮನಿರ್ತಿದ್ದೆ, ಅದು ಹೊಸದಲ್ಲ. ನಮ್ಮ ಸಂಗಾತಿಗಳೇ ಇಬ್ಬರು ಮೂವರು ಅದಕ್ಕೆ ನಗೋ ಮುಖ ಹಾಕಿದ್ದಾರೆ. ಒಬ್ಬರು ಫೋನ್ ಮಾಡಿ, "ಅಣ್ಣಾ, ನೀವೂ ಹಿಂಗಾದ್ರೆ ಹೆಂಗೆ?" ಅಂದರು. ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ಗಾಡಿ ನನ್ನದಲ್ಲ, ನಮ್ಮಕ್ಕನ ಮಗಂದು. 2013ರ ಮಾಡಲ್, ಮೂರು ಲೀಟರ್ ಡೀಸೆಲ್ ಎಂಜಿನ್ನು, ಫೋರ್ ಬೈ ಫೋರ್, ಸೆಕೆಂಡ್ ಹ್ಯಾಂಡ್. ಅವನು ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕೂಲಿ ಜನ ಕಳಿಸೋ ಸಣ್ಣ ಕಂಟ್ರಾಕ್ಟರ್. ಜೊತೆಗೆ ಒಂದು ಪಿಕಪ್ ಗಾಡಿ ಇಟ್ಕೊಂಡು ಕೋಡಿಹಳ್ಳಿ ಸುತ್ತಮುತ್ತಲ ರೈತರ ರೇಷ್ಮೆಗೂಡು ರಾಮನಗರ ಮಾರ್ಕೆಟ್ಟಿಗೆ ಸಾಗಿಸ್ತಾನೆ. ಹನ್ನೊಂದು ವರ್ಷ ದುಡಿದಿದ್ದಾನೆ.

ಗಾಡಿ ತಂದ ಮಾರನೇ ದಿನ ಟೀ ಅಂಗಡಿ ಹತ್ರ ನಿಲ್ಲಿಸಿದಾಗ ಊರಿನ ಹಿರಿಯರೊಬ್ಬರು ಅವನನ್ನ ಕೇಳಿದ್ದು ಇದು: "ಯಾವ ಸಾವುಕಾರ್ರದ್ಲಾ ಗಾಡಿ? ಡ್ರೈವರ್ ಕೆಲ್ಸಕ್ ಸೇರ್ಕಂಡಾ?" ಅವರಿಗೆ ಕೋಪ ಇರಲಿಲ್ಲ. ಪ್ರೀತಿಯಿಂದಲೇ ಕೇಳಿದರು. ನಮ್ಮ ಹುಡುಗ ಸ್ಟೇರಿಂಗ್ ಹಿಡಿದಿದ್ದಾನೆ ಅಂದ್ರೆ ಹಿಂದಿನ ಸೀಟಲ್ಲಿ ಬೇರೆ ಯಾರೋ ಕೂತಿರಲೇಬೇಕು, ಅವರ ಲೆಕ್ಕಕ್ಕೆ ಅದು ಸಹಜ. "ನಂದೇ ಕಣಣ್ಣ" ಅಂದಾಗ ಅವರ ಮುಖ ಬದಲಾಯ್ತಂತೆ. ಸಂಜೆ ಹೊತ್ತಿಗೆ ಆ ಫೋಟೋ.

ನಿಮಗೆ ಗೊತ್ತಿರೋ ಕಥೆಯನ್ನೇ ಇನ್ನೊಂದು ಸಲ ನೆನಪಿಸ್ತೀನಿ. ಬಾಬಾಸಾಹೇಬರು ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪನನ್ನ ನೋಡೋಕೆ ಅಣ್ಣನ ಜೊತೆ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರ್ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅದೂ ಮಕ್ಕಳೇ ಎತ್ತು ಹೊಡಿಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ ಅನ್ನೋ ಷರತ್ತಿನ ಮೇಲೆ. ಆ ಹುಡುಗ ಬೆಳೆದು ವಿದೇಶದಲ್ಲಿ ಓದಿ, ಬ್ಯಾರಿಸ್ಟರ್ ಆಗಿ, ಬಾಂಬೆ ಸರ್ಕಾರದ ಸಮಿತಿಯ ಸದಸ್ಯನಾಗಿ 1929ರಲ್ಲಿ ಚಾಳಿಸ್‌ಗಾಂವ್‌ಗೆ ಹೋದಾಗಲೂ ಟಾಂಗಾದವರು ಓಡಿಸೋಕೆ ಒಪ್ಪಲಿಲ್ಲ. ಗಾಡಿ ಮಾತ್ರ ಬಾಡಿಗೆಗೆ ಸಿಕ್ತು. ಓಡಿಸಿ ಗೊತ್ತಿಲ್ಲದ ಕೇರಿಯವನೊಬ್ಬ ಅವರನ್ನ ಕೂರಿಸ್ಕೊಂಡು ಹೊರಟ. ಮೋರಿ ಹತ್ರ ಟಾಂಗಾ ಎಡವಿ ಬಾಬಾಸಾಹೇಬರು ನೆಲಕ್ಕೆ ಬಿದ್ದು ಕಾಲು ಮುರೀತು. ಇದನ್ನೆಲ್ಲ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ.

ಕೇರಳದಲ್ಲಿ ಅಯ್ಯನ್‌ಕಾಳಿ 1893ರಲ್ಲಿ ಮಾಡಿದ್ದೇನು? ಒಂದು ವಿಲ್ಲುವಂಡಿ, ಒಂದು ಜೊತೆ ಎತ್ತು ಕೊಂಡುಕೊಂಡು, ಒಳ್ಳೆ ಬಟ್ಟೆ ಹಾಕ್ಕೊಂಡು, ಪುಲಯರು ಕಾಲಿಡಬಾರದು ಅಂದಿದ್ದ ರಸ್ತೆಯಲ್ಲಿ ಗಾಡಿ ಓಡಿಸಿದ್ರು. ಆ ಕಾಲಕ್ಕೆ ವಿಲ್ಲುವಂಡಿ ಶ್ರೀಮಂತರ ಗಾಡಿ, ಇವತ್ತಿನ ಫಾರ್ಚೂನರ್ ಇದ್ದಂಗೆ. ಅವತ್ತು ನಮ್ಮ ವಾಟ್ಸಾಪ್ ಗ್ರೂಪ್ ಇದ್ದಿದ್ರೆ ಅಯ್ಯನ್‌ಕಾಳಿಗೂ "ದುಡ್ಡು ಎಲ್ಲಿಂದ ಬಂತು" ಅಂತ ಕೇಳ್ತಿದ್ರೇನೋ.

ಅದು ಹಳೇ ಕಥೆ ಅನ್ನಬೇಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ದಲಿತರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲು, ಮೋಟಾರ್ ಸೈಕಲ್ಲು ಓಡಿಸೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಹಾಕೋದನ್ನ, ಮದುವೆ ಮೆರವಣಿಗೆಯಲ್ಲಿ ಕುದುರೆ ಅಥವಾ ಗಾಡಿ ಹತ್ತೋದನ್ನ ತಡೆಯೋದು ಅಪರಾಧ ಅಂತ ಸೇರಿಸಬೇಕಾಯ್ತು. ಸುಮ್ ಸುಮ್ನೆ ಯಾರೂ ಕಾನೂನಿನಲ್ಲಿ ಚಪ್ಪಲಿ, ಸೈಕಲ್ ಅಂತ ಬರೆಯೋದಿಲ್ಲ.

ಈಗ ಸಂಗಾತಿಗಳಿಗೆ ಒಂದು ಮಾತು. "ಹೋರಾಟಗಾರರು ಸರಳವಾಗಿರಬೇಕು" ಅಂತೀರಿ. ಒಪ್ತೀನಿ, ಸಂಘದ ದುಡ್ಡಿನ ಲೆಕ್ಕ ಯಾವತ್ತು ಬೇಕಾದ್ರೂ ಕೇಳಿ, ಪೈಸೆ ಪೈಸೆಗೂ ರಸೀದಿ ಇದೆ. ಆದ್ರೆ ದುಡಿದು ತಿನ್ನೋ ಹುಡುಗನ ಮೇಲೂ ಸರಳತೆ ಹೇರಬೇಡಿ. ಇದ್ದು ಬಿಡೋದು ಸರಳತೆ. ನಮಗೆ ಇರಲೇ ಇಲ್ಲ. ಬಾಬಾಸಾಹೇಬರು ಸೂಟು ಹಾಕಿದ್ದು ಯಾಕೆ ಅಂತ ವೇದಿಕೆ ಮೇಲೆ ಚೆನ್ನಾಗಿ ವಿವರಿಸ್ತೀರಿ, ಅದೇ ಮಾತು ನಮ್ಮ ಕೇರಿ ಹುಡುಗನಿಗೆ ಯಾಕೆ ಅನ್ವಯಿಸಲ್ಲ?

ಇನ್ನೊಂದು ಗಮನಿಸಿ. ಐರಾವತ ಯೋಜನೆಯಲ್ಲಿ ನಮ್ಮ ಹುಡುಗರಿಗೆ ಟ್ಯಾಕ್ಸಿ ತಗೊಳ್ಳೋಕೆ ಸರ್ಕಾರ 5 ಲಕ್ಷದವರೆಗೆ ಸಹಾಯಧನ ಕೊಡ್ತು. ಒಳ್ಳೇದು, ನಾನೇ ಎಷ್ಟೋ ಜನರಿಗೆ ಅರ್ಜಿ ಬರೆದುಕೊಟ್ಟಿದ್ದೀನಿ. ಹಳದಿ ಬೋರ್ಡ್ ಗಾಡಿ ತಂದಾಗ ಊರಲ್ಲಿ ಯಾರೂ ಫೋಟೋ ತೆಗೀಲಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 2009ರಿಂದ ಫಾರ್ಚೂನರ್ ತಯಾರಾಗ್ತಿದೆ, ನಮ್ಮದೇ ಜಿಲ್ಲೆಯಲ್ಲಿ. ನಮ್ಮ ಹುಡುಗ ಅದನ್ನ ತಯಾರಿಸಿದ್ರೆ ಕಾರ್ಮಿಕ, ತೊಳೆದ್ರೆ ಕ್ಲೀನರ್, ಓಡಿಸಿದ್ರೆ ಡ್ರೈವರ್. ಇದ್ಯಾವುದಕ್ಕೂ ತಕರಾರಿಲ್ಲ. ಬಿಳಿ ಬೋರ್ಡ್ ಹಾಕ್ಕೊಂಡು ಆರ್‌ಸಿಯಲ್ಲಿ ಅವನ ಹೆಸರು ಬಂದ ತಕ್ಷಣ ದುಡ್ಡು ಎಲ್ಲಿಂದ ಅನ್ನೋ ಪ್ರಶ್ನೆ.

ನನ್ನ ಅಕ್ಕನ ಮಗನೂ ಹೇಳಿದ್ದು ಇದನ್ನೇ. "ಮಾವ, ಪಿಕಪ್‌ನಲ್ಲಿ ಹೋದ್ರೆ ಫ್ಯಾಕ್ಟರಿ ಗೇಟಲ್ಲಿ ಸೆಕ್ಯುರಿಟಿ 'ಏನ್ ಲೋಡು' ಅಂತಾನೆ. ಕಂಟ್ರಾಕ್ಟರ್ ಅಂದ್ರೆ ನಂಬಲ್ಲ, ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸ್ತಾನೆ." ಈಗ ಅದೇ ಗೇಟು, ಅದೇ ಸೆಕ್ಯುರಿಟಿ, ಕೇಳದೇ ತೆಗೀತಾನಂತೆ. ಇದು ಸರಿಯಾದ ಸಮಾಜ ಅಂತ ನಾನು ಹೇಳ್ತಿಲ್ಲ. ಆದ್ರೆ ಸಮಾಜ ಸರಿಹೋಗೋವರೆಗೂ ಅವನು ಬಿಸಿಲಲ್ಲಿ ನಿಂತಿರಲಿ ಅಂತ ಹೇಳೋ ಹಕ್ಕು ನಮಗಿಲ್ಲ.

ಇಲ್ಲಿವರೆಗೆ ಕೇಳಿದವರಿಗೆ ಉತ್ತರ. ಇನ್ಮೇಲೆ ಬರೆಯೋದು ನಮ್ಮ ಹುಡುಗರಿಗೆ. ದಯವಿಟ್ಟು ಇದನ್ನ ಸರಿಯಾಗಿ ಓದಿ.

ಈ ಗಾಡಿಗೆ ಮುಂಚೆ ಇನ್ನೊಂದು ಫಾರ್ಚೂನರ್ ಬಂದಿತ್ತು, ಒಬ್ಬ ಜಮೀನು ಬ್ರೋಕರ್ ಮೂಲಕ. ನಮ್ಮ ಭಾವನ ಅಪ್ಪನಿಗೆ ಸರ್ಕಾರದಿಂದ ಮಂಜೂರಾದ 2 ಎಕರೆ ಇದೆ. ಈಗ ಅಕ್ಕ ಅದರಲ್ಲಿ ಹಿಪ್ಪುನೇರಳೆ ಬೆಳೆದು ಹುಳ ಸಾಕ್ತಾಳೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟ ಮೇಲೆ ಬ್ರೋಕರುಗಳು ಕಾಡಂಚಿನ ಊರುಗಳನ್ನೂ ಬಿಡ್ತಿಲ್ಲ. ಇವನು ಬಂದು ನಮ್ಮ ಹುಡುಗನ ಕೈಗೆ ಕೀ ಕೊಟ್ಟು, "ಒಂದು ವಾರ ಓಡಿಸ್ಕೊಂಡಿರು, ಇಷ್ಟ ಆದ್ರೆ ನಿನ್ನದೇ. ಮೇಲೆ 15 ಲಕ್ಷ ಕ್ಯಾಶು. ಅಮ್ಮನ ಕೈಲಿ ಜಿಪಿಎಗೆ ಒಂದು ಹೆಬ್ಬೆಟ್ಟು ಹಾಕಿಸು, ಪರ್ಮಿಷನ್ ಎಲ್ಲ ನಾವು ನೋಡ್ಕೋತೀವಿ" ಅಂದ.

ಗಾಡಿ ನೋಡೋಕೆ ನಾನು ಹೋದೆ. ನಂಬರ್ ದೆಹಲಿದು. ಯಾಕೆ ಅಂತ ಅರ್ಥ ಮಾಡ್ಕೊಳ್ಳಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡೀತು. ಆಮೇಲೆ ಅಲ್ಲಿನ ದೊಡ್ಡ ದೊಡ್ಡ ಗಾಡಿಗಳು ಅಗ್ಗದ ರೇಟಿಗೆ ಬೇರೆ ರಾಜ್ಯಗಳಿಗೆ ಬಂದವು. ಇವನು ತಂದಿದ್ದು ಅಂಥದ್ದೇ. ಅಲ್ಲಿನ ಆರ್‌ಟಿಓ ಕೊಡಬೇಕಾದ ಎನ್‌ಓಸಿ ಇಲ್ಲ, ಕರ್ನಾಟಕದ ಟ್ಯಾಕ್ಸ್ ಕಟ್ಟಿಲ್ಲ, ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿ ಹೆಸರು ಹಾಗೇ ಇದೆ. ದೆಹಲಿಗೆ ಬೇಡವಾದ ಗಾಡಿಗೆ ನಮ್ಮವರ 2 ಎಕರೆ.

ಅವತ್ತು ರಾತ್ರಿ ಅವನಿಗೂ ನನಗೂ ಜೋರು ಜಗಳ ಆಯ್ತು. "ನೀವು ಭಾಷಣ ಮಾಡ್ಕೊಂಡೇ ಇರಿ ಮಾವ, ನಾನು ಸಾಯೋವರೆಗೂ ಗೂಡಿನ ಮೂಟೆ ಹೊರ್ತೀನಿ" ಅಂದ. ನನಗೆ ಉತ್ತರ ತೋಚಲಿಲ್ಲ. ಅಕ್ಕ ಟ್ರಂಕಿಂದ ಸಾಗುವಳಿ ಚೀಟಿ ತಂದು ಅವನ ಮುಂದೆ ಇಟ್ಟಳು. "ಈ ಕಾಗದಕ್ಕೆ ನಿಮ್ ತಾತ ಎಷ್ಟು ವರ್ಷ ತಾಲ್ಲೂಕಾಫೀಸ್ ಬಾಗ್ಲು ಕಾದವ್ರೆ ಗೊತ್ತೇನ್ಲಾ? ಗಾಡಿ ತಗೋ, ಬ್ಯಾಡ ಅನ್ನಲ್ಲ. ಇದನ್ನ ಮುಟ್ಬ್ಯಾಡ" ಅಂದಳು.

ಪಿಟಿಸಿಎಲ್ ಕಾಯ್ದೆ, ಅಂದ್ರೆ 1978ರ ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, ಇಂಥ ಮಂಜೂರಾತಿ ಜಮೀನನ್ನ ಸರ್ಕಾರದ ಮುಂಗಡ ಅನುಮತಿ ಇಲ್ಲದೇ ಮಾರಬಾರದು ಅನ್ನುತ್ತೆ. ಮಾರಿದ್ದರೆ ಎಸಿ ಕೋರ್ಟಿನಲ್ಲಿ ಅರ್ಜಿ ಹಾಕಿ ವಾಪಸ್ ಪಡೀಬಹುದು. ಆದ್ರೆ ತಡ ಮಾಡಿ ಬಂದ ಅರ್ಜಿ ನಡೆಯಲ್ಲ ಅಂತ 2017ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಎಷ್ಟೋ ಕುಟುಂಬಗಳು ಸೋತವು. ಅದಕ್ಕೇ ಬೀದಿಗಿಳಿದು, 2023ರಲ್ಲಿ ಕಾಲಮಿತಿ ಇಲ್ಲ ಅನ್ನೋ ತಿದ್ದುಪಡಿ ತರಿಸಿಕೊಂಡ್ವಿ. ಆ ಹೋರಾಟದಲ್ಲಿ ಕೂತವರ ಮಕ್ಕಳೇ ಇವತ್ತು ಒಂದು ಕೀಗೆ ಜಿಪಿಎ ಬರೆದುಕೊಟ್ರೆ ಯಾವ ಕಾಯ್ದೆ ಏನು ಮಾಡುತ್ತೆ? ಹೋದ ಜಮೀನು ವಾಪಸ್ ಬರೋಕೆ ವರ್ಷಗಟ್ಟಲೆ ಕೋರ್ಟು ಅಲೀಬೇಕು. ಅಷ್ಟರಲ್ಲಿ ಗಾಡಿ ಗುಜರಿ ಸೇರಿರುತ್ತೆ.

ಮಾರನೇ ದಿನ ಹುಡುಗ ಕೀ ವಾಪಸ್ ಕೊಟ್ಟ. ಆಮೇಲೆ ಐದು ತಿಂಗಳು ಹುಡುಕಿ ಈ ಗಾಡಿ ತಗೊಂಡದ್ದು. ಬೆಲೆ 11 ಲಕ್ಷ. ಚೀಟಿ ಎತ್ತಿದ್ದು 4, ಉಳಿತಾಯ 3, ಸೊಸೈಟಿ ಸಾಲ 4. ಕಂತು ತಿಂಗಳಿಗೆ 13,700 ರೂಪಾಯಿ, ಮೂರು ವರ್ಷ. ಕೇಳಿದವರಿಗೆ ಹೇಳಬೇಕಾದ ಜರೂರತ್ತಿಲ್ಲ. ನಿಮಗೆ ಉಪಯೋಗ ಆಗಲಿ ಅಂತ ಹೇಳ್ತಿದ್ದೀನಿ.

ತಗೊಳ್ಳೋರು ಇಷ್ಟು ನೋಡಿ. ಆರ್‌ಸಿಯಲ್ಲಿರೋ ಚಾಸಿ ನಂಬರು, ಎಂಜಿನ್ ನಂಬರು ಗಾಡಿ ಮೇಲಿರೋದಕ್ಕೆ ತಾಳೆ ಹಾಕಿ. ಸಾಲ ತೀರಿದ್ರೆ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಬೇರೆ ರಾಜ್ಯದ ಗಾಡಿಗೆ ಎನ್‌ಓಸಿ. ಇವು ಕೈಗೆ ಬರದೇ ಪೂರ್ತಿ ದುಡ್ಡು ಕೊಡಬೇಡಿ. ಬೇರೆ ರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲಿದ್ರೆ ಇಲ್ಲೇ ನೋಂದಣಿ ಮಾಡಿಸಿ ಟ್ಯಾಕ್ಸ್ ಕಟ್ಟಬೇಕು, ಆ ದುಡ್ಡನ್ನ ಮೊದಲೇ ಬೆಲೆಗೆ ಸೇರಿಸಿ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಎಫ್‌ಸಿ ಮಾಡಿಸಬೇಕು. ನಮ್ಮ ಗಾಡಿಗೆ 2028ರಲ್ಲಿ ಆ ಖರ್ಚಿದೆ. ಬಾಕಿ ದಂಡ ಇದೆಯಾ ನೋಡಿ. ಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಹಿಂದೆ ಫೋರ್ ಬೈ ಫೋರ್ ಅಂತ ಅಂಟಿಸಿದ್ದನ್ನೂ ನಂಬಬೇಡಿ. ಈ ಹಳೇ ಮಾಡಲ್ಲಿನಲ್ಲಿ ಗೇರ್ ಪಕ್ಕ ಎರಡನೇ ಲಿವರ್ ಇರಬೇಕು, ಅದನ್ನ ಹಾಕಿಸಿ ಕೆಸರಲ್ಲಿ ಓಡಿಸಿ ನೋಡಿ. ಟ್ಯಾಂಕು 80 ಲೀಟರ್. ತುಂಬಿಸೋಕೆ 7 ಸಾವಿರಕ್ಕೂ ಮೇಲೆ ಬೇಕು. ನಾಲ್ಕು ಟೈರಿಗೆ ಅರ್ಧ ಲಕ್ಷ ಎತ್ತಿಡಿ. ಇಷ್ಟು ಲೆಕ್ಕ ಹಾಕಿದ ಮೇಲೂ ಮನೆ ನಡೆಯುತ್ತೆ ಅಂದ್ರೆ ತಗೊಳ್ಳಿ, ಇಲ್ಲಾಂದ್ರೆ ಇನ್ನೆರಡು ವರ್ಷ ತಡೀರಿ. ಗೇಟಲ್ಲಿ ಸಿಗೋ ಮರ್ಯಾದೆಗೆ ಮನೆಯವರು ಉಪವಾಸ ಬೀಳಬಾರದು.

"ಕೋಡಿಹಳ್ಳಿಯಲ್ಲಿ ಫೋರ್ ಬೈ ಫೋರ್ ಯಾಕ್ರೀ?" ಅಂತ ಒಬ್ಬರು ಕೇಳಿದ್ದಾರೆ. ಸ್ವಾಮಿ, ಊರೊಳಗೆ ಬೇಡ, ಅಲ್ಲಿ ಕಾಂಕ್ರೀಟ್ ರಸ್ತೆ ಇದೆ. ಮಳೆಗಾಲದಲ್ಲಿ ನಮ್ಮ ಕೇರಿಗೆ ಬನ್ನಿ, ಗೊತ್ತಾಗುತ್ತೆ.

ಹುಡುಗರೇ, ಯಾರಾದ್ರೂ ಕೀ ಹಿಡ್ಕೊಂಡು ಜಿಪಿಎ ಪೇಪರ್ ತಂದಿದ್ರೆ, ಸೈನ್ ಹಾಕೋಕೆ ಮುಂಚೆ ನನಗೊಂದು ಫೋನ್ ಮಾಡಿ. ನಡುರಾತ್ರಿ ಆದ್ರೂ ಪರವಾಗಿಲ್ಲ. ಸ್ವಂತ ದುಡ್ಡಲ್ಲಿ ಗಾಡಿ ನೋಡೋಕೆ ಹೋಗ್ತಿದ್ರೂ ಫೋನ್ ಮಾಡಿ, ನಾನೂ ಜೊತೆಗೆ ಬರ್ತೀನಿ.

ಜೈಭೀಮ್.