ಪೌರುಷದ ಅಣಕ

ಅಣಕವಾಡುವವನಿಗೆ ಮೂಲದ ಮೇಲೆ ಪ್ರೀತಿಯಿರಬೇಕೆಂದು ತರಗತಿಯಲ್ಲಿ ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆ ಮಾತಿಗೆ ತಿದ್ದುಪಡಿ ಬೇಕೆಂದು ಈಚೆಗೆ ತೋರಿತು. ಕಾರಣ, ಮೈಕೇಲ್ ಪೇಲಿನ್ ಮತ್ತು ಟೆರಿ ಜೋನ್ಸ್ ಎಂಬ ಗೆಳೆಯರು ಬಿ.ಬಿ.ಸಿ. ಟೆಲಿವಿಷನ್ನಿಗಾಗಿ ಬರೆದ ‘ರಿಪ್ಪಿಂಗ್ ಯಾರ್ನ್ಸ್’ ಎಂಬ ಹಾಸ್ಯಮಾಲೆ. 1976ರಿಂದ 1979ರವರೆಗೆ ಪ್ರಸಾರವಾದದ್ದು ಒಟ್ಟು ಒಂಬತ್ತೇ ಕಥೆಗಳು. ಸಾಮ್ರಾಜ್ಯದ ಕಾಲದಲ್ಲಿ ಇಂಗ್ಲೆಂಡಿನ ಹುಡುಗರು ಓದಿ ಪುಲಕಿತರಾಗುತ್ತಿದ್ದ ಸಾಹಸಕಥೆಗಳೇ ಇವುಗಳ ಗುರಿ.

ಕೆಲವು ಬರಿಯ ಕುಚೋದ್ಯ. ಕಪ್ಪೆಗಳನ್ನು ಕಟ್ಟಿಕೊಂಡು ಆಂಡೀಸ್ ಪರ್ವತ ದಾಟಹೊರಟ ಕ್ಯಾಪ್ಟನ್ನನ ಕಥೆ ನನ್ನನ್ನು ಅಷ್ಟಾಗಿ ನಗಿಸಲಿಲ್ಲ. ನಮ್ಮ ದೇಶದಲ್ಲಿ ನಡೆಯುವ ‘ರೋಜರ್ ಆಫ್ ದಿ ರಾಜ್’ ವಾಸಿ. ಅಲ್ಲಿ ಊಟದ ಮೇಜಿನ ಶಿಷ್ಟಾಚಾರ ತಪ್ಪಿದ ಅಧಿಕಾರಿ ಹೊರಗೆ ಹೋಗಿ ಗುಂಡು ಹಾರಿಸಿಕೊಳ್ಳುತ್ತಾನೆ. ಆದರೆ ಮೊದಲನೆಯದಾದ ‘ಟಾಮ್‌ಕಿನ್ಸನ್ಸ್ ಸ್ಕೂಲ್‌ಡೇಸ್’ ಬೇರೆಯೇ ಜಾತಿಯದು. ಅದು ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ಟಾಮ್ ಬ್ರೌನನ ಶಾಲಾಕಥೆಯ ಅಣಕ. ಹ್ಯೂಸನ ಕಾದಂಬರಿಯಲ್ಲಿ ಚಿಕ್ಕವರನ್ನು ಹಿಂಸಿಸುವ ಫ್ಲ್ಯಾಷ್‌ಮನ್ ಎಂಬ ಪುಂಡನನ್ನು ಶಾಲೆಯಿಂದ ಹೊರಹಾಕುತ್ತಾರೆ. ಈ ಗೆಳೆಯರ ಶಾಲೆಯಲ್ಲಾದರೋ ಪುಂಡತನವೇ ಒಂದು ಅಧಿಕೃತ ಹುದ್ದೆ! ಹುಡುಗರು ಕರಡಿಯೊಡನೆ ಸೆಣಸಬೇಕು, ಮೂವತ್ತು ಮೈಲಿ ಕುಂಟಬೇಕು. ಒಂದು ಹಬ್ಬದ ದಿನ ಅವರನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಅಲ್ಲಿಂದ ಪಾರಾಗಲು ಹೆಣಗುವ ಟಾಮ್‌ಕಿನ್ಸನ್ ಕೊನೆಗೆ ಏನು ಮಾಡುತ್ತಾನೆ? ಆ ಪುಂಡನ ಹುದ್ದೆಯನ್ನೇ ಒಪ್ಪಿಕೊಳ್ಳುತ್ತಾನೆ.

ಇಲ್ಲಿ ನನ್ನ ನಗೆ ನಿಂತಿತು. ಪೇಲಿನ್ ಸ್ವತಃ ಶ್ರೂಸ್‌ಬರಿಯ ಹಳೆಯ ಶಾಲೆಯಲ್ಲಿ ಓದಿದವನು. ಆ ಲೋಕದ ಮೇಲೆ ಅವನಿಗೆ ಮಮತೆಯುಂಟೆಂಬುದು ದೃಶ್ಯದೃಶ್ಯದಲ್ಲಿಯೂ ಕಾಣುತ್ತದೆ. ಆದರೆ ಆ ಮಮತೆಯನ್ನೇ ಅವನು ನಂಬುವುದಿಲ್ಲ. ಪೆಟ್ಟು ತಿಂದವನಿಗೆ ಪೆಟ್ಟಿನ ಮೇಲೆಯೇ ಪ್ರೀತಿ ಹುಟ್ಟಬಹುದೆಂಬ ಅನುಮಾನ ಆ ಅಣಕದ ಒಳಗಿದೆ. ಅದನ್ನು ಬರಿಯ ಹುಚ್ಚಾಟವೆನ್ನುವವರನ್ನು ನಾನು ಒಪ್ಪಲಾರೆ.

ನನ್ನ ಬಾಲ್ಯದ ಮೇಷ್ಟರೊಬ್ಬರು ಷಟ್ಪದಿಯ ಮಾತ್ರೆ ತಪ್ಪಿದರೆ ಬಿಸಿಲಿನಲ್ಲಿ ಮೊಣಕಾಲೂರಿಸುತ್ತಿದ್ದರು. ಇದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಅಭಿನಯಿಸಿ ತೋರಿಸುವುದುಂಟು. ಛಂದಸ್ಸು ನನಗೆ ಹಾಗೆಯೇ ಬಂದಿತೆಂದು ಸೇರಿಸುವುದೂ ಉಂಟು. ಹುಡುಗರು ನಗುತ್ತಾರೆ. ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಮಾತ್ರ ನಗಲಿಲ್ಲ. ‘ಆಗ ನಿಮಗೆ ಎಷ್ಟು ವಯಸ್ಸು, ಸಾರ್?’ ಎಂದಳು.

ಒಂಬತ್ತು ಎಂದೆ. ಆಮೇಲೆ ಪಾಠ ಮುಂದುವರಿಸಲು ಸ್ವಲ್ಪ ಹೊತ್ತು ಹಿಡಿಯಿತು.