ಬದುವಿನ ಮೇಲಣ ಪಾಠ

ಅಮರಕೋಶದಲ್ಲಿ ಹಾವಿಗೆ ‘ಪವನಾಶನ’ ಎಂಬ ಹೆಸರುಂಟು. ಗಾಳಿಯನ್ನುಣ್ಣುವದೆಂದು ಅದರ ಅರ್ಥ. ಮೂವತ್ತು ವರ್ಷ ನಾನು ಹುಡುಗರಿಂದ ಈ ಪದವನ್ನು ಬಾಯಿಪಾಠ ಮಾಡಿಸಿದೆನು. ಆದರೆ ಹಾವು ನಿಜಕ್ಕೂ ಉಣ್ಣುವದೇನೆಂಬದನ್ನು ಕಣ್ಣಾರೆ ಕಂಡವನಲ್ಲ. ನಿವೃತ್ತನಾದ ಮೇಲೆ ಹಾನಗಲ್ಲ ಸೀಮೆಯ ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ ಬೆಳಗಿನ ಸಂಚಾರವನ್ನಿಟ್ಟುಕೊಂಡಾಗ ನನ್ನ ಪಾಠವು ಹೊಸದಾಗಿ ಆರಂಭವಾಯಿತು.

ವಾಚಕರೇ, ಸವಣೂರಿನ ವೀಳ್ಯದ ತೋಟವಿರಲಿ, ಹಿರೇಕೆರೂರಿನ ಗೋವಿನಜೋಳದ ಹೊಲವಿರಲಿ, ನೋಡುವ ಕಣ್ಣಿದ್ದವರಿಗೆ ಅದೊಂದು ಪಾಠಶಾಲೆಯೇ ಸರಿ. ನೇಗಿಲ ಹಿಂದೆ ಬೆಳ್ಳಕ್ಕಿಗಳ ಸಾಲು. ತಂತಿಯ ಮೇಲೆ ಹುಳಕ್ಕೆ ಹೊಂಚುಹಾಕುವ ಕಾಜಾಣ, ನೀಲಕಂಠ. ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ ಗೀಜಗನ ಗೂಡು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಂತೂ ನವಿಲುಧಾಮವೇ ಇರುವದು. ಪಂಚತಂತ್ರದಲ್ಲಿ ಸಮುದ್ರವನ್ನೇ ಎದುರಿಸಿದ ಟಿಟ್ಟಿಭವು ಬರಿಯ ನೆಲದಲ್ಲಿ, ಸಣ್ಣ ಕಲ್ಲುಗಳ ನಡುವೆ ತತ್ತಿಯಿಡುವದು. ಯಾರು ಸಮೀಪಿಸಿದರೂ ಕೂಗಿ ಎಚ್ಚರಿಸುವದು.

ಕಳೆದ ಶ್ರಾವಣದಲ್ಲಿ ಆ ಕೂಗಿನ ಜಾಡು ಹಿಡಿದು ಮೊಮ್ಮಗನೊಡನೆ ಹೋದೆನು. ಆರಡಿಯ ಕೇರೆಹಾವೊಂದು ಇಲಿಯನ್ನು ನುಂಗುತ್ತಲಿತ್ತು. ಆಳು ಬಡಿಗೆಯನ್ನೆತ್ತಿದನು, ನಾನು ತಡೆದೆನು. “ಅಜ್ಜಾ, ಹ್ವಾದವರ್ಷ ನೀನ ಹೊಡಸಿದ್ದೆಲ್ಲಾ?” ಎಂದನು ಹುಡುಗನು. ನಿಜವೇ. ಹಿಂದಿನ ವರ್ಷ ಇಂಥದೇ ಹಾವನ್ನು ನಾಗರವೆಂದು ಭ್ರಮಿಸಿ ಕೊಲ್ಲಿಸಿದ್ದೆನು. ಆ ಸುಗ್ಗಿಯಲ್ಲಿ ಇಲಿಗಳು ಬೀಜದ ಚೀಲಗಳನ್ನೂ ಬಿಡಲಿಲ್ಲ. ಹುಡುಗನಿಗೆ ಉತ್ತರ ಕೊಡಲಾರದೆ ತಲೆತಗ್ಗಿಸಿದೆನು.

ಆದರೂ ಎಚ್ಚರವು ಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕು ಪ್ರಾಣಾಂತಿಕವಾದವು. ದೂರದಿಂದ ಗುರುತಿಸುವದು ಸುಲಭವಲ್ಲ. ಆದುದರಿಂದ ಯಾವ ಹಾವನ್ನೂ ಹೊಡೆಯಲೂ ಹೋಗಬೇಡಿರಿ, ಹಿಡಿಯಲೂ ಹೋಗಬೇಡಿರಿ. ಸರಿದು ದಾರಿ ಬಿಡಿರಿ. ಕತ್ತಲೆಯಲ್ಲಿ ದೀಪವಿಲ್ಲದೆ ಹೊಲಕ್ಕೆ ಕಾಲಿಡಬೇಡಿರಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವದುಂಟು. ನೋವು ಅಲ್ಪವೆಂದು ಅಲಕ್ಷಿಸಿದವರು ಬೆಳಗು ಕಾಣದಿರಬಹುದು. ಮಂಚವೂ ಸೊಳ್ಳೆಪರದೆಯೂ ಇಲ್ಲಿ ರಕ್ಷಾಕವಚಗಳು.

ಕಚ್ಚಿದರೆ ಬಿಗಿದು ಕಟ್ಟುವದು, ಕೊಯ್ಯುವದು, ಚೀಪುವದು ಬೇಡ. ಮಂತ್ರ ಹಾಕಿಸುತ್ತ ಹೊತ್ತು ಕಳೆಯುವದಂತೂ ಬೇಡವೇ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ರೋಗಿಯನ್ನು ಒಡನೆಯೇ ಆಸ್ಪತ್ರೆಗೆ ಒಯ್ಯಿರಿ. ಮೇಲೆ ಹೇಳಿದ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವುಂಟು. 2024ರಲ್ಲಿ ಕರ್ನಾಟಕ ಸರಕಾರವು ಹಾವುಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿರುವದು.

ಅಮರಸಿಂಹನು ಮನ್ನಿಸಲಿ. ನಮ್ಮ ಮನೆಯ ನಿಘಂಟಿನಲ್ಲಿ ಕೇರೆಹಾವಿನ ಹೆಸರು ಈಗ ‘ಮೂಷಕಾಶನ’.