ಕಾಡ್ಗಿಚ್ಚಿನ ಋತು: ನ್ಯೂ ಸೌತ್ ವೇಲ್ಸ್‌ನ 10/50 ನಿಯಮ ಮತ್ತು ನಿವೇಶನದ ಸಿದ್ಧತೆ

2013ರ ಅಕ್ಟೋಬರ್‌ನಲ್ಲಿ ಬ್ಲೂ ಮೌಂಟನ್ಸ್ ಪ್ರದೇಶದ ಸುಮಾರು 200 ಮನೆಗಳು ಕಾಡ್ಗಿಚ್ಚಿಗೆ ಆಹುತಿಯಾದವು. ತದನಂತರ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 2014ರಲ್ಲಿ 10/50 ನಿಯಮವನ್ನು ಜಾರಿಗೊಳಿಸಿತು. ಇದರನ್ವಯ ನಿಗದಿತ ಪ್ರದೇಶದ ಮಾಲೀಕರು ಸ್ಥಳೀಯ ಕೌನ್ಸಿಲ್‌ನ ಅನುಮತಿಯಿಲ್ಲದೆ, ಸ್ವಂತ ನಿವೇಶನದಲ್ಲಿ, ಮನೆಯಿಂದ 10 ಮೀಟರ್‌ವರೆಗೆ ಮರಗಳನ್ನೂ 50 ಮೀಟರ್‌ವರೆಗೆ ಪೊದೆಗಳನ್ನೂ ತೆರವುಗೊಳಿಸಬಹುದು. ಪ್ರದೇಶದ ವ್ಯಾಪ್ತಿ ಬದಲಾಗಬಹುದಾದ್ದರಿಂದ, ತೆರವುಗೊಳಿಸುವ ದಿನವೇ ರೂರಲ್ ಫೈರ್ ಸರ್ವೀಸ್ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ಮಿತಿ ಮೀರಿ ಮರ ಕಡಿದಲ್ಲಿ ದಂಡಕ್ಕೆ ಗುರಿಯಾಗಬೇಕಾದೀತು.

ಆದಾಗ್ಯೂ ಬಹುಪಾಲು ಮನೆಗಳು ಗಾಳಿಯಲ್ಲಿ ತೂರಿಬರುವ ಕಿಡಿಗಳಿಂದ ಹೊತ್ತಿಕೊಳ್ಳುತ್ತವೆ. ಆದುದರಿಂದ, ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗಿನ ಅಪಾಯದ ಅವಧಿಗೆ ಮುನ್ನವೇ ಚಾವಣಿಯ ಮಳೆನೀರಿನ ದೋಣಿಯಲ್ಲಿರುವ ತರಗೆಲೆಗಳನ್ನು ತೆಗೆದು, ಹುಲ್ಲನ್ನು ಗಿಡ್ಡವಾಗಿ ಕತ್ತರಿಸುವುದು ಅಗತ್ಯ. ಇದಕ್ಕೆ ಯಾವುದೇ ಅರ್ಜಿ ಬೇಕಿಲ್ಲ. ಆದರೆ ಸದರಿ ಅವಧಿಯಲ್ಲಿ ಕಸಕಡ್ಡಿ ಸುಡಲು ಪರವಾನಗಿ ಕಡ್ಡಾಯ.